ಗಾಳಿ ಮುಳ್ಳು ಫುಲ್ ಇದ್ರೂ ಬ್ರೇಕ್ ಹಿಡಿಯಲ್ಲ ಯಾಕೆ? ಹಳೇ ಮಿಲಿಟರಿ ಲಾರಿಯ ಏರ್-ಹೈಡ್ರಾಲಿಕ್ ಬ್ರೇಕ್ ತೊಂದರೆ ಪತ್ತೆ ಹಚ್ಚೋದು ಹೀಗೆ

ಮಡಿವಾಳ: ಹಿಂದಿನ ತಿಂಗಳು ನಮ್ಮ ಮಾರ್ಕೆಟ್ ಹಿಂಭಾಗದ ರಸ್ತೆಯಲ್ಲಿ ಹಳೇ ಮಿಲಿಟರಿ ಲಾರಿ ಮೇಲೆ ಕ್ರೇನ್ ಕೂರಿಸಿದ ಗಾಡಿಯೊಂದು ರಿವರ್ಸ್ ಬರ್ತಾ ನಿಲ್ಲದೆ ಹೋಗಿ ಕಬ್ಬಿನ ಹಾಲಿನ ಗಾಡಿಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಕಬ್ಬಿನ ಗಾಡಿಯ ಒಂದು ಚಕ್ರ ಮುರೀತು, ಆ ದಿನದ ವ್ಯಾಪಾರ ಹೋಯ್ತು. ಡ್ರೈವರ್ ಎಲ್ಲರಿಗೂ ತೋರಿಸಿದ್ದು ಒಂದೇ, ಡ್ಯಾಶ್‌ಬೋರ್ಡಿನ ಗಾಳಿ ಮೀಟರು. ಮುಳ್ಳು ಫುಲ್ ಇತ್ತು. ಅವರು ಸುಳ್ಳು ಹೇಳಿರಲಿಲ್ಲ. ಆಮೇಲೆ ಗ್ಯಾರೇಜಿನಲ್ಲಿ ಬಿಚ್ಚಿದಾಗ ಗೊತ್ತಾಯ್ತು, ಟ್ಯಾಂಕಿನಲ್ಲಿ ಗಾಳಿ ಇತ್ತು, ಬ್ರೇಕ್ ಆಯಿಲ್ ಇರಲಿಲ್ಲ.

ಈ ಲೇಖನದಲ್ಲಿ ನೆನಪಿಟ್ಟುಕೊಳ್ಳಬೇಕಾದ ಮಾತು ಅದೇ. ಈ ತರಹದ ಬ್ರೇಕಿನಲ್ಲಿ ಗಾಳಿ ಬರೀ ಸಹಾಯಕ. ಗಾಡಿ ನಿಲ್ಲಿಸೋದು ಆಯಿಲ್. ಮೀಟರು ಗಾಳಿಯನ್ನು ಮಾತ್ರ ತೋರಿಸುತ್ತೆ.

ಬೆಂಗಳೂರು 1809ರಿಂದ ದಂಡು ಇರುವ ಊರು. ಸೇನೆ ಬಳಸಿ ಬಿಟ್ಟ ಗಾಡಿಗಳು ಹರಾಜಿನಲ್ಲಿ ಹೊರಗೆ ಬಂದು ಕ್ರೇನ್, ನೀರಿನ ಟ್ಯಾಂಕರ್, ಮರ ಸಾಗಿಸುವ ಲಾರಿ ಆಗಿ ಇನ್ನೂ ದುಡಿಯುತ್ತಿವೆ. ನಮ್ಮಲ್ಲಿ ಹೆಚ್ಚು ಹೆಸರು ಮಾಡಿದ್ದು ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸಿನಲ್ಲಿ 1959ರಲ್ಲಿ ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಿಂದ ಮೊದಲ ಗಾಡಿ ಹೊರಬಂತು, ಆಮೇಲೆ ಅಲ್ಲೇ ವೆಹಿಕಲ್ ಫ್ಯಾಕ್ಟರಿಯಲ್ಲಿ 1990ರ ದಶಕದವರೆಗೆ ತಯಾರಾಯ್ತು. ಹೊರದೇಶದಲ್ಲಿ ಇದೇ ಜಾತಿಯ ಬ್ರೇಕಿಗೆ ಹೆಸರಾದದ್ದು ಅಮೆರಿಕ ಸೇನೆಯ ಎರಡೂವರೆ ಟನ್ನಿನ ಎಂ35 ಲಾರಿ. ಇಂಥ ಗಾಡಿಗಳ ಬ್ರೇಕ್ ಗೊತ್ತಿರುವ ಹಳೇ ಮೇಸ್ತ್ರಿಗಳು ಈಗ ಕಮ್ಮಿ ಆಗ್ತಿದ್ದಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟರೆ ಉಪಯೋಗ ಆಗುತ್ತೆ ಅಂತ ಈ ಮಾಹಿತಿ.

ಮೊದಲು ನೋಡಿ: ನಿಮ್ಮ ಗಾಡಿಯದು ಯಾವ ಬ್ರೇಕು?

ಗಾಡಿ ಹೆಸರು ನೋಡಿ ಅಂದಾಜು ಮಾಡಬೇಡಿ. ಹರಾಜಿನಲ್ಲಿ ಬಂದ ಗಾಡಿ ಎರಡು ಮೂರು ಕೈ ದಾಟಿರುತ್ತೆ. ಆಕ್ಸಲ್ ಬದಲಾಗಿರುತ್ತೆ, ಎಂಜಿನ್ ಬೇರೆ ಕೂರಿಸಿರುತ್ತಾರೆ, ಬ್ರೇಕೂ ಬದಲಾಗಿರಬಹುದು. ಕೆಳಗೆ ಬಗ್ಗಿ ನೋಡಿ.

• ಗಾಳಿ ಟ್ಯಾಂಕ್ ಇದೆ, ಬ್ರೇಕ್ ಆಯಿಲ್ ಡಬ್ಬಿಯೂ ಇದೆ, ಗಾಲಿಗೆ ಸಣ್ಣ ಲೋಹದ ಪೈಪು ಹೋಗಿದೆ: ಇದು ಏರ್-ಹೈಡ್ರಾಲಿಕ್. ಈ ಲೇಖನ ಇದರ ಬಗ್ಗೆ.

• ಗಾಳಿ ಟ್ಯಾಂಕ್ ಇದೆ, ಬ್ರೇಕ್ ಆಯಿಲ್ ಡಬ್ಬಿ ಇಲ್ಲ, ಗಾಲಿ ಹತ್ತಿರ ದುಂಡನೆ ಚೇಂಬರಿಗೆ ದಪ್ಪ ಹೋಸ್ ಹೋಗಿದೆ: ಇದು ಪೂರ್ತಿ ಏರ್ ಬ್ರೇಕ್. ಈಗಿನ ದೊಡ್ಡ ಲಾರಿ, ಬಸ್ಸುಗಳದ್ದು ಇದೇ.

• ಆಯಿಲ್ ಡಬ್ಬಿ ಇದೆ, ಗಾಳಿ ಕಂಪ್ರೆಸರ್ ಇಲ್ಲ, ಬೂಸ್ಟರಿಗೆ ವ್ಯಾಕ್ಯೂಮ್ ಪೈಪ್ ಇದೆ: ಇದು ವ್ಯಾಕ್ಯೂಮ್ ಬೂಸ್ಟರ್. ಸಣ್ಣ ಲಾರಿಗಳಲ್ಲಿ ನೋಡಿರುತ್ತೀರಿ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ಈಗಿನ ಏರ್ ಬ್ರೇಕ್ ಲಾರಿಯಲ್ಲಿ ಗಾಳಿ ಪೂರ್ತಿ ಇಳಿದರೆ ಹಿಂದಿನ ಚೇಂಬರಿನ ಸ್ಪ್ರಿಂಗ್ ತಾನೇ ಬ್ರೇಕ್ ಹಿಡಿಯುತ್ತೆ, ಗಾಡಿ ಅಲ್ಲಾಡಲ್ಲ. ಹಳೇ ಏರ್-ಹೈಡ್ರಾಲಿಕ್‌ನಲ್ಲಿ ಆ ಸ್ಪ್ರಿಂಗ್ ಇಲ್ಲ. ಗಾಳಿ ಹೋದರೆ ಪೆಡಲು ಕಲ್ಲಾಗುತ್ತೆ, ಆಯಿಲ್ ಹೋದರೆ ಪೆಡಲು ನೆಲ ಮುಟ್ಟುತ್ತೆ. ಎರಡರಲ್ಲೂ ಗಾಡಿ ಉರುಳುತ್ತೆ. ಹೊಸ ಲಾರಿ ಓಡಿಸಿ ಅಭ್ಯಾಸ ಆದವರು ಮೋಸ ಹೋಗೋದು ಇಲ್ಲೇ.

ಕೆಲಸ ಮಾಡೋದು ಹೇಗೆ?

ಎಂಜಿನ್ ತಿರುಗಿಸುವ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುತ್ತೆ. ಸಾಕಷ್ಟು ಆದಾಗ ಗವರ್ನರ್ ಅಥವಾ ಅನ್‌ಲೋಡರ್ ವಾಲ್ವ್ ತುಂಬೋದನ್ನು ನಿಲ್ಲಿಸುತ್ತೆ. ಇದು ಗಾಳಿ ಕಡೆ.

ನೀವು ಪೆಡಲು ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ತಳ್ಳುತ್ತೆ. ಇದು ಆಯಿಲ್ ಕಡೆ.

ಎರಡೂ ಸೇರೋದು ಬೂಸ್ಟರಿನಲ್ಲಿ. ಆಯಿಲ್ ಒತ್ತಡ ಬಂದ ಕೂಡಲೇ ಬೂಸ್ಟರಿನ ಒಳಗಿನ ಸಣ್ಣ ವಾಲ್ವ್ ತೆರೆದು ಟ್ಯಾಂಕಿನ ಗಾಳಿಯನ್ನು ದೊಡ್ಡ ಪಿಸ್ಟನ್ನಿನ ಮೇಲೆ ಬಿಡುತ್ತೆ. ಆ ಪಿಸ್ಟನ್ ಇನ್ನೊಂದು ಸಣ್ಣ ಆಯಿಲ್ ಪಿಸ್ಟನ್ನನ್ನು ತಳ್ಳುತ್ತೆ. ಅಲ್ಲಿಂದ ಆಯಿಲ್ ಹೆಚ್ಚಿನ ಒತ್ತಡದಲ್ಲಿ ಗಾಲಿಗೆ ಹೋಗಿ ವೀಲ್ ಸಿಲಿಂಡರ್ ಮೂಲಕ ಶೂಗಳನ್ನು ಡ್ರಮ್ಮಿಗೆ ಒತ್ತುತ್ತೆ. ಪೆಡಲು ಬಿಟ್ಟಾಗ ಆ ಗಾಳಿ ಎಕ್ಸಾಸ್ಟ್ ತೂತಿನಿಂದ ಪುಸ್ ಅಂತ ಹೊರಗೆ ಹೋಗುತ್ತೆ. ಬೂಸ್ಟರ್ ಕೆಲವು ಗಾಡಿಯಲ್ಲಿ ಚಾಸಿಸ್ ಪಕ್ಕದಲ್ಲಿ ಬೇರೆ ಇರುತ್ತೆ, ಕೆಲವದರಲ್ಲಿ ಮಾಸ್ಟರ್ ಸಿಲಿಂಡರ್ ಜೊತೆಗೇ ಇರುತ್ತೆ.

ಹಳೇ ಗಾಡಿಗಳಲ್ಲಿ ಆಯಿಲ್ ಲೈನ್ ಬಹುತೇಕ ಒಂದೇ. ಮುಂದಕ್ಕೆ ಒಂದು, ಹಿಂದಕ್ಕೆ ಒಂದು ಅಂತ ಬೇರೆ ಬೇರೆ ಇರಲ್ಲ. ಒಂದು ಗಾಲಿಯ ಹೋಸ್ ಒಡೆದರೆ ಎಲ್ಲ ಗಾಲಿಯ ಬ್ರೇಕೂ ಹೋಗುತ್ತೆ.

ಬಿಚ್ಚುವ ಮುಂಚೆ

1. ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಗಾಲಿಗೆ ಹಿಂದೆ, ಮುಂದೆ ಎರಡೂ ಕಡೆ ಮರದ ದಿಮ್ಮಿ ಅಥವಾ ಕಲ್ಲು ಕೊಡಿ.

2. ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ. ಹಳೇ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಗಾಲಿಗೆ ಇರೋದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಇರುತ್ತೆ. ಹಿಂದಿನ ಒಂದು ಗಾಲಿಯನ್ನು ಜಾಕ್ ಕೊಟ್ಟು ಎತ್ತಿದ ಕೂಡಲೇ ಡಿಫರೆನ್ಷಿಯಲ್ ಆ ಗಾಲಿಯನ್ನು ತಿರುಗಲು ಬಿಡುತ್ತೆ. ಆಗ ನೆಲದ ಮೇಲಿರುವ ಗಾಲಿಗೆ ಹಿಡಿತ ಇಲ್ಲ, ಗಾಡಿ ಜಾಕಿನಿಂದ ಜಾರುತ್ತೆ.

3. ಗಾಳಿ ಪೈಪು ಬಿಚ್ಚುವ ಮುಂಚೆ ಟ್ಯಾಂಕಿನ ಗಾಳಿ ಪೂರ್ತಿ ಬಿಡಿ.

4. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ಬಿಚ್ಚಿದಾಗ ಗಾಳಿ ಹೊಡೆದು ಧೂಳು ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಖಕ್ಕೆ ಮಾಸ್ಕ್ ಹಾಕಿ. ಪಕ್ಕದಲ್ಲಿ ಹಣ್ಣು, ತರಕಾರಿ ಅಂಗಡಿ ಇದ್ದರಂತೂ ಗಾಳಿ ಹೊಡೆಯಲೇ ಬಾರದು.

ಪೆಡಲು ಏನು ಹೇಳುತ್ತೆ?

ಸ್ಪ್ಯಾನರ್ ಹಿಡಿಯುವ ಮುಂಚೆ ಕಾಲಿನಲ್ಲಿ ಪತ್ತೆ ಮಾಡಿ. ತೊಂದರೆ ಗಾಳಿ ಕಡೆಯದೋ ಆಯಿಲ್ ಕಡೆಯದೋ ಅಂತ ಅರ್ಧ ಕೆಲಸ ಪೆಡಲೇ ಹೇಳಿಬಿಡುತ್ತೆ.

ಪೆಡಲು ಕಲ್ಲಿನ ಹಾಗೆ ಗಟ್ಟಿ, ಗಾಡಿ ನಿಲ್ಲಲ್ಲ: ಗಾಳಿಯ ಸಹಾಯ ಸಿಗ್ತಿಲ್ಲ. ಟ್ಯಾಂಕಿನಲ್ಲಿ ಗಾಳಿ ಕಮ್ಮಿ, ಬೂಸ್ಟರಿಗೆ ಹೋಗುವ ಪೈಪ್ ಕಟ್ಟಿಕೊಂಡಿದೆ, ಇಲ್ಲಾ ಬೂಸ್ಟರ್ ವಾಲ್ವ್ ಅಂಟಿಕೊಂಡಿದೆ. ಗಾಳಿ ಸರಿ ಇದ್ದೂ ಹೀಗೆ ಆದರೆ ಲೈನರಿಗೆ ಆಯಿಲ್, ಗ್ರೀಸ್ ತಗುಲಿದೆಯಾ, ಗಾಜಿನ ಹಾಗೆ ನುಣುಪಾಗಿದೆಯಾ ನೋಡಿ.

ಪೆಡಲು ಕೆಳಗೆ ಹೋಗುತ್ತೆ, ಎರಡು ಮೂರು ಸಲ ಪಂಪ್ ಹೊಡೆದರೆ ಮೇಲೆ ಬರುತ್ತೆ: ಶೂ ಅಡ್ಜಸ್ಟ್‌ಮೆಂಟ್ ಸಡಿಲ, ಇಲ್ಲಾ ಆಯಿಲ್ ಲೈನಿನಲ್ಲಿ ಏರ್ ಸೇರಿದೆ. ಮೇಲೆ ಬಂದ ಪೆಡಲು ಗಟ್ಟಿ ಇದ್ದರೆ ಅಡ್ಜಸ್ಟ್‌ಮೆಂಟ್, ಸ್ಪಂಜಿನ ಹಾಗೆ ಮೆತ್ತಗಿದ್ದರೆ ಏರ್.

ಒತ್ತಿ ಹಿಡಿದರೆ ಪೆಡಲು ನಿಧಾನ ಇಳಿಯುತ್ತಾ ಹೋಗುತ್ತೆ: ಎಲ್ಲೋ ಆಯಿಲ್ ಸೋರ್ತಿದೆ. ಹೊರಗೆ ಹಸಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸವೆದು ಆಯಿಲ್ ಒಳಗೊಳಗೇ ಹಿಂದಕ್ಕೆ ಹೋಗ್ತಿದೆ.

ಪೆಡಲು ಬಿಟ್ಟರೂ ಗಾಲಿ ಬಿಗಿ, ಡ್ರಮ್ ಬಿಸಿ: ಬ್ರೇಕ್ ಬಿಡ್ತಿಲ್ಲ. ಪೆಡಲಿಗೆ ಸ್ವಲ್ಪ ಫ್ರೀ ಪ್ಲೇ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಆಯಿಲ್ ವಾಪಸ್ ಬರುವ ತೂತು ಮುಚ್ಚಿಕೊಳ್ಳುತ್ತೆ. ಬೂಸ್ಟರಿನ ಎಕ್ಸಾಸ್ಟ್ ತೂತಿಗೆ ಕೆಸರು ತುಂಬಿದ್ದರೂ ಹೀಗೇ ಆಗುತ್ತೆ. ಬಿಗಿಯಾದ ಗಾಲಿಯ ಬ್ಲೀಡರ್ ನಿಪ್ಪಲ್ ಸ್ವಲ್ಪ ಸಡಿಲ ಮಾಡಿ. ಆಯಿಲ್ ಚಿಮ್ಮಿ ಗಾಲಿ ಬಿಟ್ಟರೆ ಒತ್ತಡ ಮೇಲೆಲ್ಲೋ ಸಿಕ್ಕಿಕೊಂಡಿದೆ ಅಂತ. ಬಿಡದಿದ್ದರೆ ತೊಂದರೆ ಗಾಲಿಯಲ್ಲೇ: ವೀಲ್ ಸಿಲಿಂಡರ್ ಹಿಡಿದಿದೆ ಅಥವಾ ಶೂ ಸ್ಪ್ರಿಂಗ್ ಮುರಿದಿದೆ. ಒಂದೇ ಗಾಲಿ ಬಿಗಿ ಆಗ್ತಿದ್ದರೆ ಆ ಗಾಲಿಯ ರಬ್ಬರ್ ಹೋಸನ್ನೂ ನೋಡಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಆಯಿಲನ್ನು ವಾಪಸ್ ಬಿಡಲ್ಲ.

ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ: ಎಳೆಯುವ ಪಕ್ಕ ಸರಿ ಇರುತ್ತೆ, ಇನ್ನೊಂದು ಪಕ್ಕ ಬ್ರೇಕ್ ಹಿಡೀತಿಲ್ಲ ಅಂತ ಮೊದಲು ಅನುಮಾನಿಸಿ.

ಗಾಳಿ ಕಡೆ ಪರೀಕ್ಷೆ

ಎಂಜಿನ್ ಸ್ಟಾರ್ಟ್ ಮಾಡಿ ಗಾಳಿ ತುಂಬಿಸಿ. ಎಷ್ಟಕ್ಕೆ ನಿಲ್ಲಬೇಕು ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ. ಅಮೆರಿಕದ ಗಾಡಿಗಳಲ್ಲಿ 100 ಪಿಎಸ್‌ಐ ಆಸುಪಾಸು, ಹಳೇ ಯುರೋಪಿನ ವಿನ್ಯಾಸದಲ್ಲಿ ಇನ್ನೂ ಕಮ್ಮಿ ಇರಬಹುದು. ಮೀಟರಿನಲ್ಲಿ ಕೆಜಿ ಲೆಕ್ಕ ಇದ್ದರೆ 1 ಕೆಜಿ ಅಂದ್ರೆ ಸುಮಾರು 14 ಪಿಎಸ್‌ಐ. ಸುಮಾರು 60 ಪಿಎಸ್‌ಐಗಿಂತ, ಅಂದ್ರೆ 4 ಕೆಜಿಗಿಂತ ಕೆಳಗೆ ಇಳಿದರೆ ಗಾಡಿ ಓಡಿಸಬೇಡಿ. ಎಚ್ಚರಿಕೆ ಬಜರ್ ಇದ್ದರೆ ಅದರ ವೈರ್ ಕಿತ್ತು ಬಿಸಾಡಿದ್ದಾರಾ ನೋಡಿ. ಕಿರಿಕಿರಿ ಅಂತ ಕೀಳೋರು ಇದ್ದಾರೆ.

ಈಗ ಎಂಜಿನ್ ಆಫ್ ಮಾಡಿ, ಪೆಡಲು ಮುಟ್ಟದೆ ಮುಳ್ಳು ನೋಡಿ. ಅಮೆರಿಕದಲ್ಲಿ ಲಾರಿ ಡ್ರೈವರುಗಳಿಗೆ ಏರ್ ಬ್ರೇಕ್ ಪರೀಕ್ಷೆಗೆ ಹೇಳಿಕೊಡುವ ಲೆಕ್ಕ ಒಂದಿದೆ: ಪೆಡಲು ಒತ್ತದೆ ಒಂದು ನಿಮಿಷಕ್ಕೆ 2 ಪಿಎಸ್‌ಐ, ಒತ್ತಿ ಹಿಡಿದಾಗ 3 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ನಮ್ಮ ಹಳೇ ಗಾಡಿಗೂ ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು.

• ಒತ್ತದೇ ಇದ್ದಾಗಲೂ ಇಳಿದರೆ ಪೈಪ್, ಯೂನಿಯನ್, ಟ್ಯಾಂಕ್ ಕಡೆ ಸೋಪಿನ ನೀರು ಹಚ್ಚಿ. ನೊರೆ ಬಂದ ಕಡೆ ಲೀಕ್.

• ಒತ್ತದೇ ಇದ್ದಾಗ ಬೂಸ್ಟರ್ ಎಕ್ಸಾಸ್ಟಿನಲ್ಲಿ ಸುಯ್ ಅಂತ ಬರ್ತಿದ್ದರೆ ಅದರ ಕಂಟ್ರೋಲ್ ವಾಲ್ವ್ ಸರಿಯಾಗಿ ಕೂರ್ತಿಲ್ಲ.

• ಒತ್ತಿದಾಗ ಮಾತ್ರ ಸುಯ್ ಅಂದ್ರೆ ಬೂಸ್ಟರಿನ ದೊಡ್ಡ ಪಿಸ್ಟನ್ ಸೀಲ್ ಹೋಗಿದೆ.

• ಲೀಕ್ ಎಲ್ಲೂ ಇಲ್ಲ, ತುಂಬೋದೇ ನಿಧಾನ ಅಂದ್ರೆ ಕಂಪ್ರೆಸರ್ ಬೆಲ್ಟ್, ಫಿಲ್ಟರ್, ವಾಲ್ವ್, ಅನ್‌ಲೋಡರ್ ನೋಡಿ.

ಪ್ರತಿದಿನ ಕೆಲಸ ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ಡ್ರೈನ್ ತೆರೆದು ನೀರು ಬಿಡಿ. ಬರೀ ನೀರು ಬಂದರೆ ಸರಿ. ಕಪ್ಪು ಎಣ್ಣೆ ಜಾಸ್ತಿ ಬಂದರೆ ಕಂಪ್ರೆಸರ್ ರಿಂಗ್ ಸವೆದಿದೆ. ಆ ಎಣ್ಣೆ ಬೂಸ್ಟರಿಗೆ ಹೋಗಿ ರಬ್ಬರ್ ಹಾಳು ಮಾಡುತ್ತೆ.

ಆಯಿಲ್ ಎಲ್ಲಿಗೆ ಹೋಗ್ತಿದೆ?

ಕಬ್ಬಿನ ಗಾಡಿಗೆ ಗುದ್ದಿದ ಕ್ರೇನಿನ ತೊಂದರೆ ಇದೇ. ಡಬ್ಬಿಯಲ್ಲಿ ಆಯಿಲ್ ಇಳೀತಿತ್ತು, ಆದರೆ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಅದಕ್ಕೇ ಯಾರೂ ತಲೆಕೆಡಿಸಿಕೊಳ್ಳದೆ ತುಂಬಿಸ್ತಾ ಇದ್ದರು. ಒಂದು ದಿನ ತುಂಬಿಸೋದು ಮರೆತರು.

ಹೊರಗೆ ಕಾಣದೆ ಆಯಿಲ್ ಹೋಗುವ ದಾರಿ ಮುಖ್ಯವಾಗಿ ಎರಡು. ಒಂದು ಡ್ರಮ್ಮಿನ ಒಳಗೆ. ವೀಲ್ ಸಿಲಿಂಡರಿನ ರಬ್ಬರ್ ಬೂಟನ್ನು ಬೆರಳಿನಲ್ಲಿ ಸ್ವಲ್ಪ ಎತ್ತಿ ನೋಡಿ, ಒಳಗೆ ಹಸಿ ಇದ್ದರೆ ಸೋರ್ತಿದೆ. ಇನ್ನೊಂದು ಬೂಸ್ಟರಿನ ಒಳಗೆ. ಆಯಿಲ್ ಪಿಸ್ಟನ್ನಿನ ಸೀಲ್ ಹೋದರೆ ಆಯಿಲ್ ಗಾಳಿ ಕಡೆಗೆ ದಾಟುತ್ತೆ, ಪ್ರತಿ ಸಲ ಪೆಡಲು ಬಿಟ್ಟಾಗ ಎಕ್ಸಾಸ್ಟ್ ಗಾಳಿ ಜೊತೆ ತುಂತುರಾಗಿ ಹಾರಿ ಹೋಗುತ್ತೆ. ಪತ್ತೆ ಮಾಡೋದು ಸುಲಭ. ಎಕ್ಸಾಸ್ಟ್ ತೂತಿನ ಎದುರು ಬಿಳಿ ಬಟ್ಟೆ ಹಿಡಿದು, ಇನ್ನೊಬ್ಬರಿಂದ ಹತ್ತು ಸಲ ಪೆಡಲು ಒತ್ತಿ ಬಿಡಿಸಿ. ಬಟ್ಟೆ ಒದ್ದೆ ಆದರೆ ಬೂಸ್ಟರ್ ಬಿಚ್ಚಲೇಬೇಕು. ಆ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ.

ಬೂಸ್ಟರ್ ಕೆಲಸ ಮಾಡ್ತಿದೆಯಾ?

ಎಂಜಿನ್ ಆಫ್ ಇಟ್ಟು, ಮುಳ್ಳು ಸೊನ್ನೆಗೆ ಬರುವ ತನಕ ಪೆಡಲು ಒತ್ತಿ ಒತ್ತಿ ಬಿಡಿ. ಆಮೇಲೆ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿಸಿ. ಗಾಳಿ ತುಂಬುತ್ತಾ ಬಂದ ಹಾಗೆ ಪೆಡಲು ಕಾಲ ಕೆಳಗೆ ಸ್ವಲ್ಪ ಇಳಿಯಬೇಕು ಅಥವಾ ಹಗುರ ಆಗಬೇಕು. ಏನೂ ಬದಲಾವಣೆ ಇಲ್ಲ ಅಂದ್ರೆ ಬೂಸ್ಟರಿಗೆ ಗಾಳಿ ಬರ್ತಿಲ್ಲ, ಇಲ್ಲಾ ಬಂದರೂ ಕೆಲಸ ಮಾಡ್ತಿಲ್ಲ. ಬೂಸ್ಟರಿನ ಒಳಬರುವ ಗಾಳಿ ಪೈಪು ನೋಡಿದರೆ ಯಾವುದು ಅಂತ ಗೊತ್ತಾಗುತ್ತೆ. ಈ ಪರೀಕ್ಷೆ ಗಾಲಿಗೆ ಕಲ್ಲು ಕೊಟ್ಟೇ ಮಾಡಬೇಕು, ಗಾಡಿ ಕೆಳಗೆ ಯಾರೂ ಇರಬಾರದು.

ಆಯಿಲ್ ಲೈನಿನ ಏರ್ ತೆಗೆಯೋದು

ಶೂ ಅಡ್ಜಸ್ಟ್ ಮಾಡಿದ ಮೇಲೆ ಈ ಕೆಲಸ. ಟ್ಯಾಂಕಿನ ಗಾಳಿ ಪೂರ್ತಿ ಖಾಲಿ ಮಾಡಿ, ಎಂಜಿನ್ ಆಫ್ ಇಡಿ. ಬೂಸ್ಟರ್ ಮೇಲೆ ಬ್ಲೀಡರ್ ಇದ್ದರೆ ಮೊದಲು ಅದು. ತುಂಬ ಜನ ಇದನ್ನು ಬಿಟ್ಟು ನೇರ ಗಾಲಿಗೆ ಹೋಗ್ತಾರೆ, ಆಮೇಲೆ ಪೆಡಲು ಮೆತ್ತಗೇ ಇದೆ ಅಂತ ಎರಡು ದಿನ ಒದ್ದಾಡ್ತಾರೆ. ಬೂಸ್ಟರ್ ಆದ ಮೇಲೆ ದೂರದ ಗಾಲಿಯಿಂದ ಶುರು ಮಾಡಿ ಹತ್ತಿರದ ಗಾಲಿಗೆ ಬನ್ನಿ. ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಪೆಡಲು ನಿಧಾನ ಒತ್ತಬೇಕು, ನಿಪ್ಪಲ್ ಮುಚ್ಚಿದ ಮೇಲೆ ಬಿಡಬೇಕು. ಡಬ್ಬಿಯಲ್ಲಿ ಆಯಿಲ್ ಖಾಲಿ ಆಗದ ಹಾಗೆ ನೋಡಿಕೊಳ್ಳಿ, ಖಾಲಿ ಆದರೆ ಮತ್ತೆ ಮೊದಲಿಂದ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಸಿಕ್ಕಿದರೆ ಅದರ ಕ್ರಮವೇ ಕೊನೆ ಮಾತು.

ಯಾವ ಆಯಿಲ್, ಯಾವ ಕಿಟ್?

ಡಾಟ್ 3, ಡಾಟ್ 4 ಒಂದೇ ಜಾತಿ, ಒಂದಕ್ಕೊಂದು ಸೇರುತ್ತೆ. ಡಾಟ್ 5 ಸಿಲಿಕೋನ್, ಇದನ್ನು ಅವುಗಳ ಜೊತೆ ಸೇರಿಸಬಾರದು. ಎಂಜಿನ್ ಆಯಿಲ್, ಡೀಸೆಲ್, ಜಾಕ್ ಆಯಿಲ್ ಒಂದು ಚಮಚವೂ ಹಾಕಬೇಡಿ. ರಬ್ಬರ್ ಎಲ್ಲ ಊದಿಕೊಂಡು ಬ್ರೇಕ್ ಕಚ್ಚಿಕೊಳ್ಳುತ್ತೆ. ಒಂದು ಸಲ ಹಾಕಿಬಿಟ್ಟರೆ ಲೈನ್ ತೊಳೆದು, ಮಾಸ್ಟರಿಂದ ಗಾಲಿವರೆಗೆ ಎಲ್ಲ ರಬ್ಬರ್ ಬದಲಾಯಿಸದೆ ಬೇರೆ ದಾರಿ ಇಲ್ಲ. ತೊಳೆಯೋಕೂ ಪೆಟ್ರೋಲ್ ಬಳಸಬೇಡಿ.

ಡಾಟ್ 3, 4 ಗಾಳಿಯಲ್ಲಿನ ನೀರಿನ ಅಂಶ ಹೀರಿಕೊಳ್ಳುತ್ತೆ. ಹಾಗಾಗಿ ಮುಚ್ಚಳ ತೆರೆದಿಟ್ಟ ಹಳೇ ಡಬ್ಬ ಬಳಸಬೇಡಿ. ನೀರು ಸೇರಿದ ಆಯಿಲ್ ಬಿಸಿಗೆ ಕುದಿಯುತ್ತೆ, ಇಳಿಜಾರಿನಲ್ಲಿ ಪೆಡಲು ಇದ್ದಕ್ಕಿದ್ದ ಹಾಗೆ ನೆಲ ಮುಟ್ಟುತ್ತೆ. ಸಿಲಿಂಡರಿನ ಒಳಗೆ ತುಕ್ಕೂ ಹಿಡಿಯುತ್ತೆ.

ಕಿಟ್ ಬೇಕಾದರೆ ಜೆ.ಸಿ. ರಸ್ತೆಗೆ ಹಳೇ ಸಿಲಿಂಡರನ್ನೇ ಹಿಡಿದುಕೊಂಡು ಹೋಗಿ. ಗಾಡಿ ಹೆಸರು ಹೇಳಿ ಕೇಳಬೇಡಿ, ಬೋರ್ ಅಳತೆ ಹೇಳಿ. ಅಮೆರಿಕ, ಬ್ರಿಟನ್ನಿನ ಹಳೇ ಗಾಡಿಗಳದ್ದು ಇಂಚು, ಜರ್ಮನ್ ವಿನ್ಯಾಸದ್ದು ಮಿಲಿಮೀಟರ್. ಒಂದು ಇಂಚು ಅಂದ್ರೆ 25.4 ಮಿಲಿಮೀಟರ್. 25ರ ಕಪ್ ಅದಕ್ಕೆ ಕೂರುತ್ತೆ, ಆದರೆ ಸೋರುತ್ತೆ. ಸಿಲಿಂಡರಿನ ಒಳಗೆ ಉಗುರಿಗೆ ತಾಗುವ ಗೀರು ಅಥವಾ ತುಕ್ಕಿನ ಗುಳಿ ಇದ್ದರೆ ಹೊಸ ಕಿಟ್ ಹಾಕಿಯೂ ಪ್ರಯೋಜನ ಇಲ್ಲ, ಸ್ಲೀವ್ ಹಾಕಿಸಬೇಕು ಇಲ್ಲಾ ಸಿಲಿಂಡರ್ ಬದಲಾಯಿಸಬೇಕು.

ರಸ್ತೆಯಲ್ಲಿ ಫೇಲ್ ಆದರೆ

ಎಂಜಿನ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಗಾಳಿ ತುಂಬೋದೂ ನಿಲ್ಲುತ್ತೆ. ಪೆಡಲನ್ನು ಬೇಗ ಬೇಗ ಪಂಪ್ ಹೊಡೆಯಿರಿ. ಆಕ್ಸಲರೇಟರ್ ಬಿಟ್ಟು ಒಂದೊಂದೇ ಗೇರ್ ಇಳಿಸಿ, ನ್ಯೂಟ್ರಲ್ ಮಾಡಬೇಡಿ. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ ಹಂತ ಹಂತವಾಗಿ ಎಳೆಯಿರಿ. ಹಾರ್ನ್ ಬಿಡಬೇಡಿ, ಲೈಟ್ ಹಾಕಿ. ಪೆಡಲು ಗಟ್ಟಿ ಆಗಿದ್ದರೆ ಅದು ಗಾಳಿ ಹೋಗಿರೋದು, ಎರಡೂ ಕಾಲಿಟ್ಟು ಒತ್ತಿದರೆ ಸ್ವಲ್ಪವಾದರೂ ಹಿಡಿಯುತ್ತೆ.

ಟ್ಯಾಂಕರಿನವರು ಒಂದು ಲೆಕ್ಕ ನೆನಪಿಡಿ. ಒಂದು ಲೀಟರ್ ನೀರು ಒಂದು ಕೆಜಿ. 6000 ಲೀಟರ್ ಅಂದ್ರೆ 6 ಟನ್, ಅದರ ಮೇಲೆ ತೊಟ್ಟಿಯ ತೂಕ ಬೇರೆ. ಅರ್ಧ ತುಂಬಿದ ತೊಟ್ಟಿಯಲ್ಲಿ ಅಡ್ಡ ತಡೆ ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗಿ ಗಾಡಿಯನ್ನು ತಳ್ಳುತ್ತೆ. ಗಾಡಿ ಎಷ್ಟು ತೂಕಕ್ಕೆ ಮಾಡಿದ್ದು ಅಂತ ನೋಡದೆ ತೊಟ್ಟಿ ಕೂರಿಸಿದರೆ ಯಾವ ಬೂಸ್ಟರೂ ಕಾಪಾಡಲ್ಲ. 8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು ಅನ್ನೋದು ಕಾನೂನು. ಆದರೆ ಎಫ್‌ಸಿ ಆದ ಮರುದಿನವೇ ಒಂದು ಕಪ್ ಹರಿಯಬಹುದು.

ಅಂಗಡಿಯವರು ಏನು ಮಾಡಬಹುದು?

ನಿಮ್ಮ ಅಂಗಡಿ ಮುಂದೆ ಇಂಥ ಗಾಡಿ ಲೋಡ್ ಇಳಿಸಲು, ನೀರು ಬಿಡಲು ನಿಂತರೆ ಗಾಲಿಗೆ ಕಲ್ಲು ಕೊಡಿ ಅಂತ ಹೇಳಿ. ಹೇಳೋದರಲ್ಲಿ ತಪ್ಪಿಲ್ಲ, ಅಂಗಡಿ ನಿಮ್ಮದು. ಗಾಡಿ ಹೊರಡುವಾಗ ಕಲ್ಲನ್ನು ರಸ್ತೆಯಲ್ಲೇ ಬಿಡದೆ ತೆಗೆಸಿ, ರಾತ್ರಿ ಬೈಕಿನವರು ಬೀಳ್ತಾರೆ. ಗಾಡಿ ನಿಂತ ಜಾಗದಲ್ಲಿ, ಅದರಲ್ಲೂ ಗಾಲಿಯ ಒಳಭಾಗದ ಕೆಳಗೆ ತಿಳಿ ಬಣ್ಣದ ಜಿಡ್ಡು ಕಂಡರೆ ಡ್ರೈವರಿಗೆ ತೋರಿಸಿ. ರಿವರ್ಸ್ ಬರುವಾಗ ಹಿಂದೆ ನಿಂತು ಕೈ ತೋರಿಸುವ ಹುಡುಗನನ್ನು ಪಕ್ಕಕ್ಕೆ ನಿಲ್ಲಿಸಿ, ಗಾಡಿಗೂ ಗೋಡೆಗೂ ನಡುವೆ ಯಾವತ್ತೂ ಬೇಡ.

ದಿನಾ ಬೆಳಗ್ಗೆ ಐದು ನಿಮಿಷ

1. ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತೆಗೆದು ಕಣ್ಣಾರೆ ನೋಡಿ. ನಿನ್ನೆಗಿಂತ ಇಳಿದಿದ್ದರೆ ತುಂಬಿಸಿ ಹೊರಡಬೇಡಿ, ಎಲ್ಲಿ ಹೋಯ್ತು ಅಂತ ಹುಡುಕಿ.

2. ಗಾಲಿಗಳ ಒಳಭಾಗ, ಹೋಸ್, ಪೈಪ್ ಹಸಿ ಇದೆಯಾ ನೋಡಿ.

3. ಗಾಳಿ ತುಂಬಿಸಿ, ಎಂಜಿನ್ ಆಫ್ ಮಾಡಿ, ಒಂದು ನಿಮಿಷ ಮುಳ್ಳು ನೋಡಿ.

4. ಪೆಡಲು ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಇಳಿಯಬಾರದು.

5. ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಒಂದು ಸಲ ಬ್ರೇಕ್ ಹಾಕಿ ನೋಡಿ, ಆಮೇಲೆ ಹೊಸೂರು ರಸ್ತೆಗೆ ಇಳಿಯಿರಿ.

ಆ ಕ್ರೇನಿನ ಮಾಲೀಕರು ಕಬ್ಬಿನ ಗಾಡಿಗೆ ಹೊಸ ಚಕ್ರ ಹಾಕಿಸಿಕೊಟ್ಟರು. ಬೂಸ್ಟರಿಗೆ ಹೊಸ ಕಿಟ್ ಬಿತ್ತು. ಈಗ ಅವರ ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಮೀಟರಿನ ಪಕ್ಕ ಒಂದು ಚೀಟಿ ಅಂಟಿಸಿದೆ: ಆಯಿಲ್ ನೋಡಿದ್ಯಾ?